ಚಿಂತೆ ಕಾಡಿದಾಗ ರಮಾಬಾಯಿ ಏನು ಮಾಡಿದರು?

ರಾತ್ರಿ ನಿದ್ದೆಯಿಲ್ಲ, ನಾಳೆ ಏನಾಗುತ್ತೋ ಅನ್ನೋ ಭಯ. ಈ ಪಾಡು ನಿಮ್ಮೊಬ್ಬರದೇ ಅಲ್ಲ. ಯಲ್ಲಾಪುರದ ಮಾಗೋಡು ಜಲಪಾತ ನೋಡಿದವರಿಗೆ ಸಹ್ಯಾದ್ರಿಯ ಕಾಡು ಗೊತ್ತು. ಅದೇ ಬೆಟ್ಟಸಾಲಿನ ದಕ್ಷಿಣಕ್ಕೆ, ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು ಪಂಡಿತಾ ರಮಾಬಾಯಿ.

ಇಪ್ಪತ್ತು ತುಂಬುವ ಮೊದಲೇ ಬರಗಾಲದ ದಿನಗಳಲ್ಲಿ ಅಪ್ಪ, ಅಮ್ಮ, ಅಕ್ಕ ಮೂವರೂ ಹೋದರು. ಉಳಿದಿದ್ದ ಅಣ್ಣ 1880ರಲ್ಲಿ ತೀರಿಕೊಂಡರು. ಅದೇ ವರ್ಷ ಮದುವೆ. 1882ರಲ್ಲಿ ಗಂಡ ಕಾಲರಾಕ್ಕೆ ಬಲಿ. ಕೈಯಲ್ಲಿ ವರ್ಷ ತುಂಬದ ಮಗಳು ಮನೋರಮಾ.

1883ರಲ್ಲಿ ಇಂಗ್ಲೆಂಡಿಗೆ ಹೋಗಿ, ವಾಂಟೇಜ್‌ನ ಕ್ರೈಸ್ತ ಸನ್ಯಾಸಿನಿಯರ ಜೊತೆಗಿದ್ದು ದೀಕ್ಷಾಸ್ನಾನ ಪಡೆದರು. ಅಲ್ಲಿಗೆ ಮನಸ್ಸು ನಿರಾಳವಾಯ್ತು ಅಂದ್ಕೋಬೇಡಿ. ಸಂಶಯಗಳನ್ನು ಅವರು ನುಂಗಿಕೊಳ್ಳಲಿಲ್ಲ. ಸಿಸ್ಟರ್ ಜೆರಾಲ್ಡೀನ್‌ಗೆ ಪತ್ರದ ಮೇಲೆ ಪತ್ರ ಬರೆದು ವಾದ ಮಾಡಿದರು. ಕೇಳಿಸಿಕೊಳ್ಳೋ ಒಬ್ಬರ ಮುಂದೆ ಮನಸ್ಸು ಬಿಚ್ಚೋದು, ನಾವೀಗ ಕೌನ್ಸೆಲಿಂಗ್ ಅನ್ನೋದರಲ್ಲಿ ಅರ್ಧ ಇದೇ ಅಲ್ವಾ? (ಮನೆಯಲ್ಲಿ ಅಂಥವರಿಲ್ಲದಿದ್ದರೆ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.)

ಯೇಸುವಿನ ಮೇಲೆ ಭಾರ ಹಾಕಿ ನೆಮ್ಮದಿ ಕಂಡಿದ್ದು ಎಂಟು ವರ್ಷದ ಮೇಲೆ, 1891ರ ಹೊತ್ತಿಗೆ. ಅಷ್ಟರಲ್ಲಿ, 1889ರಲ್ಲೇ, ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಿದ್ದರು. 1896-97ರ ಬರಗಾಲದಲ್ಲಿ ನೂರಾರು ಹೆಣ್ಣುಮಕ್ಕಳನ್ನು ಪುಣೆ ಬಳಿಯ ಕೇಡಗಾಂವ್‌ಗೆ ಕರೆತಂದು ಸಾಕಿದರು. ಹಸಿವು ಅಂದ್ರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

1921ರಲ್ಲಿ ಮನೋರಮಾ ಕೂಡ ತೀರಿಹೋದರು. ರಮಾಬಾಯಿ ಕೈಲಿದ್ದ ಮರಾಠಿ ಬೈಬಲ್ ಅನುವಾದವನ್ನು ಬಿಡಲಿಲ್ಲ. ಅದನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು.