ಗಣಿಗೆ ದೀಪ ಕೊಟ್ಟ ಹಂಫ್ರಿ ಡೇವಿ

ಬೆಂಕಿ ಹತ್ತಬೇಕಾದರೆ ಉರುವಲು, ಆಮ್ಲಜನಕ, ಸಾಕಷ್ಟು ಬಿಸಿ ಈ ಮೂರೂ ಬೇಕು ಅಂತ ಪಾಠದಲ್ಲಿ ಓದಿದ್ದೇವೆ. ಇದರಲ್ಲಿ ಬಿಸಿಯನ್ನು ತಡೆದು ಗಣಿ ಕೆಲಸಗಾರರ ಪ್ರಾಣ ಉಳಿಸಲು ಹೊರಟವರು ಹಂಫ್ರಿ ಡೇವಿ.

ಇವರು 1778ರ ಡಿಸೆಂಬರ್ 17ರಂದು ಇಂಗ್ಲೆಂಡಿನ ಪೆನ್ಜಾನ್ಸ್ ಊರಿನಲ್ಲಿ ಹುಟ್ಟಿದರು. ತಂದೆ ಮರದ ಕೆತ್ತನೆ ಕೆಲಸದವರು. 1794ರಲ್ಲಿ ಅವರು ತೀರಿಕೊಂಡಾಗ ಮನೆಯಲ್ಲಿ ಸಾಲ, ಐದು ಜನ ಮಕ್ಕಳು. ಹಿರಿಯ ಮಗ ಡೇವಿ ಒಬ್ಬ ವೈದ್ಯರ ಹತ್ತಿರ ಕೆಲಸ ಕಲಿಯಲು ಸೇರಿದರು. ಅಲ್ಲೇ ರಸಾಯನಶಾಸ್ತ್ರದ ಹುಚ್ಚು ಹಿಡಿಯಿತು. 1801ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿದರು. 1807ರಲ್ಲಿ ವಿದ್ಯುತ್ ಹರಿಸಿ ಸೋಡಿಯಂ, ಪೊಟ್ಯಾಸಿಯಂಗಳನ್ನು ಬೇರ್ಪಡಿಸಿದರು.

ಆ ಕಾಲದಲ್ಲಿ ಕಲ್ಲಿದ್ದಲು ಗಣಿಯೊಳಗೆ ಮೇಣದ ಬತ್ತಿಯೇ ಬೆಳಕು. ಕಲ್ಲಿದ್ದಲಿನ ಸಂದಿನಿಂದ ಮೀಥೇನ್ ಅನಿಲ ಬರುತ್ತದೆ. ನಮ್ಮ ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಅದೇ. ಗಾಳಿಯಲ್ಲಿ ಅದು ಶೇಕಡಾ ಸುಮಾರು 5ರಿಂದ 15 ಭಾಗ ಸೇರಿದರೆ ಒಂದು ಕಿಡಿ ಸಾಕು, ಸಿಡಿಯುತ್ತದೆ. 1812ರ ಮೇ 25ರಂದು ಫೆಲ್ಲಿಂಗ್ ಗಣಿಯಲ್ಲಿ ಹೀಗೆ ಸಿಡಿದು 92 ಜನ ಸತ್ತರು. ಅವರಲ್ಲಿ ನಮ್ಮ ವಯಸ್ಸಿನ ಹುಡುಗರೂ ಇದ್ದರು!

1815ರಲ್ಲಿ ಡೇವಿ ಗಣಿಗಳಿಗೆ ಹೋಗಿ ನೋಡಿ, ಆ ಅನಿಲವನ್ನು ಲಂಡನ್ನಿಗೆ ತರಿಸಿ ಪರೀಕ್ಷೆ ಮಾಡಿದರು. ಸಹಾಯಕ್ಕೆ ಮೈಕೆಲ್ ಫ್ಯಾರಡೆ ಇದ್ದರು. ಮೀಥೇನ್ ಹೊತ್ತಿಕೊಳ್ಳಲು ಬಹಳ ಬಿಸಿ ಬೇಕು, ಸಣ್ಣ ಲೋಹದ ತೂತಿನಲ್ಲಿ ಜ್ವಾಲೆ ದಾಟುವುದಿಲ್ಲ ಅಂತ ತಿಳಿಯಿತು. ಆಗ ದೀಪದ ಸುತ್ತ ಜರಡಿಯಂಥ ತಂತಿ ಬಲೆ ಹಾಕಿದರು. ಗಾಳಿ, ಅನಿಲ ಒಳಗೆ ಹೋಗುತ್ತವೆ, ಬೆಳಕು ಹೊರಗೆ ಬರುತ್ತದೆ. ಆದರೆ ಜ್ವಾಲೆಯ ಬಿಸಿಯನ್ನು ತಂತಿ ಹೀರಿಕೊಳ್ಳುವುದರಿಂದ ಹೊರಗಿನ ಅನಿಲ ಹೊತ್ತುವುದಿಲ್ಲ. ಅನಿಲ ಹೆಚ್ಚಾದರೆ ಜ್ವಾಲೆಯ ಮೇಲೆ ನೀಲಿ ಟೋಪಿ ಕಾಣುತ್ತದೆ. ಅದೇ ಎಚ್ಚರಿಕೆ! 1816ರ ಜನವರಿಯಲ್ಲಿ ಗಣಿಯಲ್ಲೇ ಪರೀಕ್ಷೆ ನಡೆಯಿತು. ಡೇವಿ ಈ ದೀಪಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳಬಹುದಿತ್ತು.

ಆದರೂ ಅಪಘಾತ ನಿಲ್ಲಲಿಲ್ಲ. ಯಾಕೆ ಗೊತ್ತಾ? ಬಲೆ ತುಕ್ಕು ಹಿಡಿದು ಹರಿಯುತ್ತಿತ್ತು. ಬೆಳಕು ಸಾಲದೆ ಕೆಲವರು ಬಲೆ ತೆಗೆಯುತ್ತಿದ್ದರು. ದೀಪ ಇದೆಯಲ್ಲ ಅಂತ ಮಾಲೀಕರು ಮೊದಲು ಬಿಟ್ಟಿದ್ದ ಅಪಾಯದ ಜಾಗಕ್ಕೂ ಜನರನ್ನು ಇಳಿಸಿದರು.

ಡೇವಿ 1829ರ ಮೇ 29ರಂದು ಜಿನೀವಾದಲ್ಲಿ ತೀರಿಕೊಂಡರು. ವಿಜ್ಞಾನಿ ದೀಪ ಮಾಡಿಕೊಟ್ಟರು. ಆದರೆ ಗಣಿಗೆ ಒಳ್ಳೆಯ ಗಾಳಿ ಬಿಡುವುದು, ಬಲೆ ಹರಿದಿದೆಯಾ ಅಂತ ದಿನಾ ನೋಡುವುದು ಉಳಿದವರ ಕೆಲಸವಾಗಿತ್ತು. ಇದನ್ನು ನಾವೂ ಮರೆಯಬಾರದು.