ತಿಮಿಂಗಿಲದ ಮಾತುಗಳನ್ನು ಕೂಡಿಟ್ಟ ನಾವಿಕ

ಹರ್ಮನ್ ಮೆಲ್ವಿಲ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. 1819ರ ಆಗಸ್ಟ್ 1ರಂದು ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಅವರಿಗೆ ಹನ್ನೆರಡು ವರ್ಷವಾಗಿದ್ದಾಗ ತಂದೆ ಸಾಲದ ಹೊರೆ ಬಿಟ್ಟು ತೀರಿಕೊಂಡರು. ಬ್ಯಾಂಕಿನಲ್ಲಿ ಗುಮಾಸ್ತ, ಅಣ್ಣನ ಅಂಗಡಿಯಲ್ಲಿ ಸಹಾಯಕ, ಹಳ್ಳಿ ಶಾಲೆಯಲ್ಲಿ ಮೇಷ್ಟ್ರು, ಹೀಗೆ ಕೈಗೆ ಸಿಕ್ಕ ಕೆಲಸವನ್ನೆಲ್ಲ ಮಾಡಿದರು. ಕೊನೆಗೆ 1841ರ ಜನವರಿಯಲ್ಲಿ ಅಕುಷ್ನೆಟ್ ಎಂಬ ತಿಮಿಂಗಿಲ ಬೇಟೆಯ ಹಡಗು ಹತ್ತಿದರು.

ಆ ಹಡಗುಗಳಲ್ಲಿ ತಿಂಗಳ ಸಂಬಳ ಇರಲಿಲ್ಲ. ಸಿಕ್ಕ ಎಣ್ಣೆಯ ಲಾಭದಲ್ಲಿ ಪಾಲು ಇರುತ್ತಿತ್ತು. ಅದಕ್ಕೆ ನಾವಿಕರ ಭಾಷೆಯಲ್ಲಿ 'ಲೇ' ಎಂದು ಹೆಸರು. ಮೆಲ್ವಿಲ್ ಪಾಲು 175ರಲ್ಲಿ ಒಂದು. ಒಂದೂವರೆ ವರ್ಷ ದುಡಿದು ಸಾಕಾಗಿ, ಶಾಂತ ಸಾಗರದ ನುಕು ಹಿವ ದ್ವೀಪದಲ್ಲಿ ಗೆಳೆಯನೊಬ್ಬನ ಜೊತೆ ಹಡಗು ಬಿಟ್ಟು ಓಡಿಹೋದರು. ಆಮೇಲೆ ಇನ್ನೆರಡು ಬೇಟೆ ಹಡಗು, ಒಂದು ಯುದ್ಧನೌಕೆ. 1844ರ ಅಕ್ಟೋಬರ್‌ನಲ್ಲಿ ಬೋಸ್ಟನ್ ತಲುಪಿದಾಗ ತಲೆ ತುಂಬ ಮಾತುಗಳಿದ್ದವು.

ದ್ವೀಪದ ಅನುಭವ ಬರೆದ 'ಟೈಪಿ' 1846ರಲ್ಲಿ ಹೆಸರು ತಂದಿತು. 1851ರಲ್ಲಿ ಬಂದ 'ಮೋಬಿ ಡಿಕ್' ಕಾದಂಬರಿಯ ಮೊದಲ ಪುಟಗಳಲ್ಲಿ ಕಥೆಯೇ ಇಲ್ಲ, 'ವೇಲ್' ಎಂಬ ಪದದ ಮೂಲದ ಚರ್ಚೆ ಇದೆ. ಹೀಬ್ರೂವಿನಿಂದ ಫಿಜಿವರೆಗೆ ತಿಮಿಂಗಿಲಕ್ಕಿರುವ ಹೆಸರುಗಳ ಪಟ್ಟಿ ಇದೆ. ಉರುಳುವುದು, ಹೊರಳುವುದು ಎಂಬ ಅರ್ಥದಿಂದ ಪದ ಬಂತೆಂದು ಆ ಕಾಲದ ನಿಘಂಟುಗಳನ್ನು ನಂಬಿ ಅವರು ಬರೆದರು. ಇಂದಿನ ಪಂಡಿತರು ಅದನ್ನು ಒಪ್ಪುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು 'ಹ್ವ್ಯಾಲ್', ಅದರ ಆಳದ ಮೂಲ ಮಾತ್ರ ಸ್ಪಷ್ಟವಿಲ್ಲ. ನಮ್ಮ ಸಂಸ್ಕೃತ ಮೂಲದ ಪದಕ್ಕೆ ಈ ತೊಂದರೆ ಇಲ್ಲ: 'ತಿಮಿ' ಎಂಬ ಮೀನನ್ನೇ ನುಂಗುವುದು ತಿಮಿಂಗಿಲ. ವಿಜ್ಞಾನ ವಿಭಾಗದವರು ನಗಬಹುದು, ಏಕೆಂದರೆ ಮೆಲ್ವಿಲ್ ಕಥಾನಾಯಕ ಇಸ್ಮಾಯಿಲ್ ಕೂಡ ಸಸ್ತನಿಯ ವಾದವನ್ನೆಲ್ಲ ಕೇಳಿದ ಮೇಲೂ ತಿಮಿಂಗಿಲ ಮೀನೇ ಎಂದು ಹಟ ಹಿಡಿಯುತ್ತಾನೆ.

'ಸ್ಪರ್ಮ್ ವೇಲ್' ಎಂಬ ಹೆಸರಿನ ಹಿಂದೆಯೂ ತಪ್ಪು ತಿಳುವಳಿಕೆಯಿದೆ. ಅದರ ತಲೆಯಲ್ಲಿನ ಮೇಣದಂಥ ದ್ರವವನ್ನು ಹಿಂದಿನವರು ತಿಮಿಂಗಿಲದ ಬೀಜವೆಂದು ಭಾವಿಸಿದ್ದರು. 'ಅಂಬರ್‌ಗ್ರೀಸ್' ಕಥೆ ನಮಗೆ ಇನ್ನೂ ಹತ್ತಿರ. ಅರಬಿಯ 'ಅಂಬರ್' ಫ್ರೆಂಚಿಗೆ ಹೋಯಿತು. ಮರದ ಅಂಟು ಗಟ್ಟಿಯಾದ ಹಳದಿ ಕಲ್ಲಿಗೂ ಅದೇ ಹೆಸರು ಅಂಟಿಕೊಂಡಾಗ, ಬೇರೆ ಮಾಡಲು 'ಬೂದು ಅಂಬರ್' ಎಂದರು. ಮೂಲ ಹೆಸರಿನ ಒಡೆಯನಿಗೇ ವಿಶೇಷಣ ಬೇಕಾಯಿತು! ಕರಾವಳಿಯಲ್ಲಿ ಕಳ್ಳಸಾಗಣೆ ಸಿಕ್ಕಿಬಿದ್ದಾಗ ನಮ್ಮ ಪತ್ರಿಕೆಗಳು ತಿಮಿಂಗಿಲ ವಾಂತಿ ಎಂದು ಬರೆಯುವುದು ಇದನ್ನೇ, ಆದರೆ ಅದು ಹುಟ್ಟುವುದು ಕರುಳಿನಲ್ಲಿ.

ಎಲ್ಲ ಪದಗಳಲ್ಲೂ ಮೆಲ್ವಿಲ್ ಎಚ್ಚರದಿಂದಿರಲಿಲ್ಲ. ವಿಗ್ರಹ ಹಿಡಿದು ಹಗಲು ರಾತ್ರಿ ಕೂತ ದ್ವೀಪವಾಸಿ ಕ್ವೀಕ್ವೆಗ್‌ನ ಉಪವಾಸಕ್ಕೆ 'ರಂಜಾನ್' ಎಂದು ಹೆಸರಿಟ್ಟಿದ್ದಾರೆ. ಇಫ್ತಾರ್ ಬಲ್ಲ ನಮಗೆ ಅದು ವಿಚಿತ್ರ. ಆದರೆ 'ಗ್ಯಾಮ್' ವಿಷಯದಲ್ಲಿ ಅವರ ಶ್ರದ್ಧೆ ನೋಡಬೇಕು. ನಡು ಸಾಗರದಲ್ಲಿ ಎರಡು ಬೇಟೆ ಹಡಗುಗಳು ಎದುರಾದರೆ ನಿಂತು, ದೋಣಿ ಇಳಿಸಿ, ಸುದ್ದಿ ಹಂಚಿಕೊಳ್ಳುವ ಭೇಟಿ ಅದು. ಸಾವಿರಾರು ನಾವಿಕರ ಬಾಯಲ್ಲಿದ್ದ ಆ ಮಾತು ಜಾನ್ಸನ್ ನಿಘಂಟಿನಲ್ಲೂ ಇಲ್ಲ, ವೆಬ್‌ಸ್ಟರ್‌ನಲ್ಲೂ ಇಲ್ಲ ಎಂದು ಗಮನಿಸಿ, ಅರ್ಥವನ್ನು ತಾವೇ ಬರೆದುಕೊಟ್ಟರು. ಇಂದು ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲಿ ಅದು ಇದೆ.

ಪುಸ್ತಕ ಮಾತ್ರ ಸೋತಿತು. ಲಂಡನ್ ಮುದ್ರಣದಲ್ಲಿ ಕೊನೆಯ ಪುಟವೇ ಬಿಟ್ಟುಹೋಗಿತ್ತು. ಹಡಗು ಮುಳುಗಿದ ಮೇಲೆ ಕಥೆ ಹೇಳಲು ಉಳಿದವರು ಯಾರು ಎಂದು ವಿಮರ್ಶಕರು ಛೇಡಿಸಿದರು. ಉತ್ತರ ಆ ಪುಟದಲ್ಲಿತ್ತು. 1866ರಿಂದ 19 ವರ್ಷ ನ್ಯೂಯಾರ್ಕ್ ಬಂದರಿನಲ್ಲಿ ಸುಂಕದ ಇನ್‌ಸ್ಪೆಕ್ಟರ್ ಆಗಿ, ದಿನಕ್ಕೆ ನಾಲ್ಕು ಡಾಲರ್‌ಗೆ ಮೆಲ್ವಿಲ್ ದುಡಿದರು. ಇಬ್ಬರು ಗಂಡುಮಕ್ಕಳೂ ಅವರು ಬದುಕಿದ್ದಾಗಲೇ ತೀರಿಕೊಂಡರು.

1891ರ ಸೆಪ್ಟೆಂಬರ್ 28ರಂದು ಅವರು ನಿಧನರಾದರು. ಮರುದಿನ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಕೆಲವೇ ಸಾಲಿನ ಸುದ್ದಿ ಬಂತು. ಪದಗಳಿಗಾಗಿ ಅಷ್ಟು ದುಡಿದವರ ಪುಸ್ತಕದ ಹೆಸರಿನ ಕಾಗುಣಿತ ಅದರಲ್ಲಿ ತಪ್ಪಾಗಿತ್ತು.