ಕಾಣದ ಕಿರಣವನ್ನು ಕಂಡ ಸಂಗೀತ ಶಿಕ್ಷಕ

ವಿಲಿಯಂ ಹರ್ಷೆಲ್ 1738ರ ನವೆಂಬರ್ 15ರಂದು ಜರ್ಮನಿಯ ಹ್ಯಾನೋವರ್‌ನಲ್ಲಿ ಜನಿಸಿದರು. ತಂದೆ ಸೈನ್ಯದ ವಾದ್ಯವೃಂದದಲ್ಲಿ ಊದುವಾದ್ಯ ನುಡಿಸುವವರು. 1757ರಲ್ಲಿ ಇಂಗ್ಲೆಂಡಿಗೆ ಬಂದ ವಿಲಿಯಂ ಸಂಗೀತ ಪಾಠ ಹೇಳಿ ಹೊಟ್ಟೆ ಹೊರೆದರು. ಮುಂದೆ ಬಾತ್ ನಗರದಲ್ಲಿ ಆರ್ಗನ್ ವಾದಕರಾದರು.

ಹಗಲು ಪಾಠ, ರಾತ್ರಿ ಆಕಾಶ. ದೂರದರ್ಶಕದ ಕನ್ನಡಿಗಳನ್ನು ತಾವೇ ಉಜ್ಜಿ ತಯಾರಿಸುತ್ತಿದ್ದರು. ಒಮ್ಮೆ ಹದಿನಾರು ತಾಸು ಕೈ ತೆಗೆಯದೆ ಉಜ್ಜುವಾಗ ತಂಗಿ ಕ್ಯಾರೊಲಿನ್ ಬಾಯಿಗೆ ತುತ್ತು ಇಟ್ಟರಂತೆ. ಸ್ವತಃ ಧೂಮಕೇತುಗಳನ್ನು ಕಂಡುಹಿಡಿದ ಈ ತಂಗಿಯ ಬಗ್ಗೆ ಬೇರೆಯೇ ಲೇಖನ ಬೇಕು. 1781ರ ಮಾರ್ಚ್ 13ರಂದು ಹರ್ಷೆಲ್ ಯುರೇನಸ್ ಗ್ರಹವನ್ನು ಕಂಡರು. ದೊರೆ ವರ್ಷಕ್ಕೆ 200 ಪೌಂಡ್ ಗೊತ್ತುಮಾಡಿದ ಮೇಲೆ ಸಂಗೀತದ ವೃತ್ತಿ ಬಿಟ್ಟರು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು 1800ನೇ ಇಸವಿ. ಬಣ್ಣದ ಗಾಜುಗಳ ಮೂಲಕ ಸೂರ್ಯನನ್ನು ನೋಡುವಾಗ ಕೆಲವು ಗಾಜುಗಳಲ್ಲಿ ಬೆಳಕು ಕಡಿಮೆಯಿದ್ದರೂ ಶಾಖ ಹೆಚ್ಚು ಎಂದು ಅವರಿಗೆ ಅನಿಸಿತು. ಪ್ರಿಸಂನಿಂದ ಬಿಸಿಲನ್ನು ಒಡೆದು, ಬುಡಕ್ಕೆ ಕಪ್ಪು ಬಳಿದ ಥರ್ಮಾಮೀಟರನ್ನು ಒಂದೊಂದು ಬಣ್ಣದಲ್ಲಿಟ್ಟರು. ಹೋಲಿಕೆಗಾಗಿ ಬೇರೆ ಥರ್ಮಾಮೀಟರುಗಳನ್ನು ಬಣ್ಣದಾಚೆ ಇಟ್ಟರು. ನಮ್ಮ ಶಾಲಾ ಪ್ರಯೋಗಗಳಲ್ಲಿ ಹೆಚ್ಚಾಗಿ ಮರೆಯುವ ಹೆಜ್ಜೆ ಇದೇ. ನೇರಳೆಗಿಂತ ಕೆಂಪಿನಲ್ಲಿ ಶಾಖ ಹೆಚ್ಚಿತ್ತು. ಕೆಂಪು ಮುಗಿದು ಏನೂ ಕಾಣದ ಜಾಗದಲ್ಲಿ ಇನ್ನೂ ಹೆಚ್ಚಿತ್ತು! ಇವೇ ಅವಕೆಂಪು ಅಥವಾ ಇನ್‌ಫ್ರಾರೆಡ್ ಕಿರಣಗಳು. ಈ ಹೆಸರು ಬಂದದ್ದು ನಂತರ. ಹರ್ಷೆಲ್ 1822ರ ಆಗಸ್ಟ್ 25ರಂದು ತೀರಿಕೊಂಡರು.

ಅದರ ಹಿಂದಿನ ವರ್ಷವೇ ಸೀಬೆಕ್ ಎಂಬುವರು ಎರಡು ಲೋಹಗಳ ಬೆಸುಗೆಯನ್ನು ಕಾಯಿಸಿದಾಗ ತೋರುವ ವಿದ್ಯುತ್ ಪರಿಣಾಮವನ್ನು ಗಮನಿಸಿದ್ದರು. ಈ ಎರಡೂ ಕೂಡಿದ್ದೇ ಮುಟ್ಟದೆ ಜ್ವರ ನೋಡುವ ಥರ್ಮಾಮೀಟರ್. 2020ರ ಜೂನ್ 25ರಿಂದ ನಡೆದ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯೂ ಸೇರಿ ರಾಜ್ಯದಾದ್ಯಂತ ಮಕ್ಕಳ ಹಣೆಗೆ ಹಿಡಿದದ್ದು ಇದನ್ನೇ. ಜ್ವರವಿದ್ದವರಿಗೆ ಪ್ರತ್ಯೇಕ ಕೊಠಡಿಯಿತ್ತು.

ಈ ಯಂತ್ರ ಮಿದುಳಿಗೆ ಕಿರಣ ಬಿಡುತ್ತದೆಂಬ ಸುದ್ದಿ ಆಗ ಹಬ್ಬಿತ್ತು. ಅದು ಸುಳ್ಳು. ಕಿರಣ ಬಿಡುವುದು ನಮ್ಮ ಚರ್ಮ, ಯಂತ್ರ ಅದನ್ನು ಸ್ವೀಕರಿಸುತ್ತದೆ ಅಷ್ಟೆ. ಮಸೂರವು ಆ ಕಿರಣಗಳನ್ನು ಥರ್ಮೋಪೈಲ್ ಎಂಬ ಪುಟ್ಟ ಬೆಸುಗೆಗಳ ಸಾಲಿನ ಮೇಲೆ ಬೀಳಿಸುತ್ತದೆ. ಅಲ್ಲಿ ಹುಟ್ಟುವ ಅತ್ಯಲ್ಪ ವಿದ್ಯುತ್ತನ್ನು ಲೆಕ್ಕ ಹಾಕಿ ಅಂಕಿ ತೋರಿಸುತ್ತದೆ. ಕಾರ್ಖಾನೆಗಳಲ್ಲಿ ತಿರುಗುವ ಬೇರಿಂಗಿನ ಬಿಸಿ ನೋಡುವುದೂ ಹೀಗೆಯೇ. ಆದರೆ ಹೊಳೆಯುವ ಲೋಹ ತನ್ನ ಕಿರಣವನ್ನು ಕಡಿಮೆ ಸೂಸಿ ಸುತ್ತಲಿನದನ್ನು ಪ್ರತಿಫಲಿಸುವುದರಿಂದ ಸ್ಟೀಲ್ ಪಾತ್ರೆಯ ಅಂಕಿಯನ್ನು ನಂಬುವಂತಿಲ್ಲ. ಹಣೆಯ ಬೆವರು ಅಂಕಿಯನ್ನು ಇಳಿಸುತ್ತದೆ, ಬಿಸಿಲು ಏರಿಸುತ್ತದೆ. ಬಿಸಿಲಲ್ಲಿ ನಡೆದು ಬಂದ ಮಗುವಿಗೆ ಜ್ವರವೆನ್ನುವ ಮೊದಲು ಸ್ವಲ್ಪ ಹೊತ್ತು ನೆರಳಲ್ಲಿ ಕೂರಿಸಿ, ಹಣೆ ಒರೆಸಿ, ಮತ್ತೊಮ್ಮೆ ನೋಡಬೇಕು.